ಹಿಂದಕ್ಕೆ ಬಂದ ನೀಲವ್ವ

ಹೋದ ಬೇಸಿಗೆಯಲ್ಲಿ ತಂಗಿಯ ಮೊಮ್ಮಗನ ಹುಟ್ಟುಗೂದಲು ತೆಗೆಸುವ ಅಕೀಕಾಕ್ಕೆಂದು ತಿಕೋಟಾಕ್ಕೆ ಹೋಗಿದ್ದೆ. ಊಟ ಮುಗಿದ ಮೇಲೆ ತಂಗಿಯ ಮಗ ತನ್ನ ಒಣದ್ರಾಕ್ಷಿಯ ಶೆಡ್ಡು ತೋರಿಸುತ್ತೇನೆಂದು ಕರೆದುಕೊಂಡು ಹೋದ. ಹಸಿರು ಪರದೆಯ ನೆರಳಲ್ಲಿ ಒಂದರ ಮೇಲೊಂದು ಬಲೆ ಕಟ್ಟಿ, ಹಣ್ಣು ಹರವಿದ್ದರು. ಬಣ್ಣ ಕೆಡಬಾರದೆಂದು ಮೂಲೆಯಲ್ಲಿ ಗಂಧಕದ ಹೊಗೆ ಹಾಕಿದ್ದರು. ಆ ವಾಸನೆ ಮೂಗಿಗೆ ಬಡಿಯಿತು. ಹುಡುಗ ಮುಂದೆ ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಬಿಜಾಪುರದಲ್ಲಿ ನಾನು ಒಂದು ಮಳೆಗಾಲ ಓಡಾಡಿದ್ದ ಜೈಲಿನ ಅಂಗಳ ಕಣ್ಣೆದುರು ಬಂದಿತ್ತು. ಅಲ್ಲಿ ತಿಗಣೆ ಓಡಿಸಲು ಕೈದಿಗಳ ಕಂಬಳಿಗಳಿಗೆ ಇದೇ ಹೊಗೆ ಹಾಕುತ್ತಿದ್ದರು.

ತುರ್ತು ಪರಿಸ್ಥಿತಿಯ ಎರಡನೆಯ ವರ್ಷ ಅದು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಒಂದು ಸಣ್ಣ ದಿನಪತ್ರಿಕೆಯಿತ್ತು. ಅಲ್ಲಿ ನಾನು ಕರಡು ತಿದ್ದುತ್ತಿದ್ದೆ. ಅಬ್ಬಾ ಟಾಂಗಾ ಹೊಡೆಯುತ್ತಿದ್ದರು. ಮಗಳು ಪೇಪರಿನಲ್ಲಿ ಕೆಲಸ ಮಾಡುತ್ತಾಳೆಂದು ಗುಮ್ಮಟ ನೋಡಲು ಬಂದ ಪ್ರವಾಸಿಗಳಿಗೆಲ್ಲ ಹೇಳುತ್ತಿದ್ದರು. ನಮ್ಮ ಸಂಪಾದಕರನ್ನು ಎಲ್ಲರೂ ಮಾಸ್ತರ ಎನ್ನುತ್ತಿದ್ದೆವು. ದಿನವೂ ಪುಟಗಳನ್ನು ಒಬ್ಬ ಅಧಿಕಾರಿಗೆ ತೋರಿಸಿ ಬರಬೇಕಿತ್ತು. ಅವರು ಹೊಡೆದುಹಾಕಿದ ಜಾಗವನ್ನು ಖಾಲಿ ಬಿಡುವಂತೆಯೂ ಇರಲಿಲ್ಲ. ಹಾಗಾಗಿ ಮಾಸ್ತರರ ಮೇಜಿನ ಮೇಲೆ ಉಪ್ಪಿನಕಾಯಿ ಹಾಕುವ ಬಗೆ, ಎಮ್ಮೆಯ ಆರೈಕೆ ಇಂಥ ಬರಹಗಳು ಸದಾ ತಯಾರಾಗಿ ಕಾಯುತ್ತಿದ್ದವು.

ಆ ವರ್ಷ ಮಳೆ ತಡವಾಗಿ ಬಂತು, ಬಂದದ್ದು ಬಿಡಲಿಲ್ಲ. ಎರೆ ಮಣ್ಣು ಟಾಂಗಾದ ಗಾಲಿಗೆ ಮೆತ್ತಿಕೊಂಡು ಅಬ್ಬಾ ಬೈಯುತ್ತ ಮನೆಗೆ ಬರುತ್ತಿದ್ದರು. ಅಂಥದೊಂದು ಮಧ್ಯಾಹ್ನ ಮಾಸ್ತರ ನನ್ನನ್ನು ಕರೆದರು.

"ಮೆಹರಬಾಯಿ, ಜೇಲಿಗೆ ಹೋಗಿ ಬರ್ತಿರೇನು?"

ನಾನು ಏನು ತಪ್ಪು ಬಿಟ್ಟಿದ್ದೇನೋ ಎಂದು ಕೈಯಲ್ಲಿದ್ದ ಕರಡನ್ನೇ ನೋಡಿದೆ.

"ಹಂಗಲ್ಲ," ಎಂದು ಅವರು ನಕ್ಕರು. "ಅಲ್ಲಿ ಮೂರು ವಿಚಿತ್ರ ಮಂದಿ ಬಂದಾರಂತ. ಅವರೊಳಗ ಒಬ್ಬ ಹೆಣಮಗಳು. ಗಂಡಸರ ಕೂಡ ತುಟಿ ಬಿಚ್ಚೂದಿಲ್ಲಂತ. ಜೇಲರ ಸಾಹೇಬ್ರು ನಮ್ಮ ಪರಿಚಯದವ್ರು. ಅವ್ರಿಗೂ ಆಕಿ ಯಾರಂತ ತಿಳೀಬೇಕಾಗೈತಿ. ನಮಗೂ ಎಮ್ಮಿ ಆರೈಕಿ ಮುಗೀಲಿಕ್ಕೆ ಬಂತು."

ಜೇಲರ ಸಾಹೇಬರು ವಯಸ್ಸಾದವರು, ನಿವೃತ್ತಿಗೆ ಹತ್ತಿರವಿದ್ದವರು. ಕುರ್ಚಿ ಕೊಟ್ಟು ಕೂಡ್ರಿಸಿ, ತಮಗೇ ಅರ್ಥವಾಗದ್ದನ್ನು ಹೇಳುವವರ ಹಾಗೆ ಹೇಳಿದರು.

"ಮಮದಾಪುರದ ಕೆರಿ ಏರಿ ಮ್ಯಾಲ ಮಲಗಿದ್ರಂತ್ರಿ. ಕುರಿ ಕಾಯೂರು ನೋಡಿ ಸುದ್ದಿ ಕೊಟ್ರು. ಮೂರೂ ಮಂದಿಗೆ ಒಂದ ನಮೂನಿ ಬೂದಿಬಣ್ಣದ ಅರಿವಿ. ತಲಿ ಬೋಳಸ್ಯಾರ. ಯಾವ ಊರು ಅಂದ್ರ ಇದಾ ಊರು ಅಂತಾರ. ಯಾವಾಗ ಬಂದ್ರಿ ಅಂದ್ರ, ನಾವು ಇನ್ನಾ ಹುಟ್ಟೇ ಇಲ್ಲ ಅಂತಾರ. ಮ್ಯಾಲಿನವ್ರು ಏನಂತಾರಂದ್ರ, ಇವ್ರು ಸರಕಾರದ ವಿರುದ್ಧ ತಲಿ ತಪ್ಪಿಸಿಕೊಂಡು ಅಡ್ಡಾಡೂ ಮಂದಿ, ಹುಚ್ಚರ ಸೋಗು ಹಾಕ್ಯಾರ. ನನಗಂತೂ ಏನೂ ತಿಳೀವಲ್ದು."

ಬೇವಿನ ಮರದ ಕೆಳಗೆ ಒಬ್ಬ ಹೆಂಗಸು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ತಲೆಯ ಮೇಲೆ ಆಗಷ್ಟೇ ಕೂದಲು ಚಿಗುರುತ್ತಿತ್ತು. ನಾನು ಎದುರಿಗೆ ಕೂತಾಗ ಅವಳು ಮುಖ ನೋಡಲಿಲ್ಲ, ನನ್ನ ಕೈಬೆರಳು ನೋಡಿದಳು.

"ಬಟ್ಟಿಗೆ ಶಾಯಿ ಹತ್ತೈತಿ," ಎಂದಳು.

"ಪೇಪರಿನ್ಯಾಗ ಕೆಲಸ ಮಾಡ್ತೀನಿ."

"ಬರ್ಯಾಕ ಬಿಡ್ತಾರೇನ್ರಿ ನಿಮಗ?"

ಹುಚ್ಚಿಯೋ ಅಲ್ಲವೋ ಎಂದು ತಿಳಿಯಲು ಹೋದ ನನಗೆ ಮೊದಲ ಪ್ರಶ್ನೆಯೇ ತೊಡಕಾಯಿತು. ಹೌದು ಎಂದರೆ ಸುಳ್ಳು. ಇಲ್ಲ ಎನ್ನಲು ಅದು ಜೈಲು. "ಸ್ವಲ್ಪ ಬಿಡ್ತಾರ," ಎಂದೆ.

"ಸ್ವಲ್ಪ ಬಿಟ್ರೂ ಭಾಳಾತು. ನಮ್ಮಲ್ಲಿ ಅಷ್ಟೂ ಇಲ್ಲ."

ಅವಳ ಹೆಸರು ನೀಲವ್ವ. ಜೋಳದಲ್ಲಿಯ ಹರಳು ಆರಿಸುತ್ತ, ಬಿತ್ತಿಗೆಯ ಸುದ್ದಿ ಹೇಳುವಷ್ಟು ಸಾಧಾರಣವಾಗಿ ಅವಳು ಹೇಳಿದಳು. ಅವಳ ಕಾಲ ಇನ್ನೂ ಮುಂದೆ ಬರಬೇಕಾದದ್ದು. ಅಲ್ಲಿ ಊರುಗಳಿಗೆ ಹೆಸರಿಲ್ಲ, ನಂಬರು ಇದೆ. ಹೆಸರು ಇದ್ದರೆ ಮಂದಿಗೆ ನಮ್ಮ ಊರು ಎಂಬ ಮಾತು ಬರುತ್ತದೆ, ಆ ಮಾತು ಬಂದರೆ ನೀರು ಯಾಕಿಲ್ಲ, ಹೊಲ ಯಾರು ಒಯ್ದರು ಎಂದು ಕೇಳುತ್ತಾರೆ. ಹಾಗಾಗಿ ಹಳೆಯ ಹೆಸರು ಹೇಳುವುದೇ ಅಪರಾಧ.

"ನಮ್ಮವ್ವನ ಅವ್ವನ ಅವ್ವ ಇದ್ಲು. ನಾವು ಆಯಿ ಅಂತಿದ್ವಿ. ಆಕೀ ಉಡ್ಯಾಗ ಬೆಳದಾಕಿ ನಾ. ಆಕಿ ಎಲ್ಲಾ ಹೆಸರಾ ಹೇಳ್ತಿದ್ಲು. ಇದು ಬಬಲೇಶ್ವರ, ಅದು ಮಮದಾಪುರ, ಆಕಡೆ ಹೊನವಾಡ, ಈಕಡೆ ವಿಜಯಪುರ. ನಾ ಅದನ್ನ ಓಣಿ ಹುಡ್ರಿಗೆ ಬಾಯಿಪಾಠ ಮಾಡಸಿದ್ನಿ. ಅದಾ ತಪ್ಪಾತು."

"ಬಿಜಾಪುರ," ಎಂದು ತಿದ್ದಿದೆ. ಕರಡು ನೋಡುವವಳ ಚಾಳಿ.

"ಆಯಿ ವಿಜಯಪುರ ಅಂತಿದ್ಲು," ಎಂದಳು ಅವಳು, ಆಯಿಯ ಮಾತಿಗೆ ಮೇಲ್ಮಾತಿಲ್ಲ ಎಂಬಂತೆ.

ಎಷ್ಟೋ ವರ್ಷಗಳ ಮೇಲೆ ಸರಕಾರ ಊರಿನ ಹೆಸರು ಬದಲಿಸಿ ಬಸ್ಸಿನ ಹಲಗೆಯ ಮೇಲೆಲ್ಲ ವಿಜಯಪುರ ಎಂದು ಬರೆಸಿದಾಗ ನಾನು ಹತ್ತಬೇಕಾದ ಬಸ್ಸು ಬಿಟ್ಟು ಆ ಹಲಗೆ ಓದುತ್ತ ನಿಂತಿದ್ದೆ. ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಮಠದ ಸ್ವಾಮಿಗಳು, ಹಳೆಯ ಪಂಡಿತರು ಮೊದಲಿನಿಂದಲೂ ಆ ಹೆಸರನ್ನು ಬಳಸುತ್ತಿದ್ದರು.

"ಹಿಂದಕ ಯಾಕ ಕಳಿಸಿದ್ರು?"

"ಜೇಲ ತುಂಬ್ಯಾವ್ರಿ ಅಲ್ಲಿ. ಹಾಕಾಕ ಕೂಳಿಲ್ಲ, ಕುಡ್ಯಾಕ ನೀರಿಲ್ಲ. ಹಿಂದಕ ಕಳಿಸಿದ್ರ ಆತು. ಇಲ್ಲಿ ಬಂದು ನಾ ಏನ ಹೇಳಿದ್ರೂ ನಿಮ್ಮಂಥವ್ರು ಹುಚ್ಚಿ ಅಂತೀರಿ. ಅವ್ರಿಗೆ ಬಾಯಿ ಮುಚ್ಚಿಸೂ ಕೆಲಸಾ ಉಳೀತು."

ಅವಳು ಮುಂದಿನವಳಾದರೆ ನಮ್ಮ ಮಾತು ಇಷ್ಟು ಚೆನ್ನಾಗಿ ಹೇಗೆ ಬಂತು ಎಂದು ಕೇಳಿದೆ. ಆಯಿಯ ಮಾತೇ ತನ್ನ ಮಾತು ಎಂದಳು. ಹಾಗಾದರೆ ಈಗಿನ ಈ ಕಾಲ ಎಂದಿಗೆ ಮುಗಿಯುತ್ತದೆ, ಹಿಡಿದುಹಾಕಿದವರನ್ನೆಲ್ಲ ಯಾವಾಗ ಬಿಡುತ್ತಾರೆ ಎಂದು ದನಿ ತಗ್ಗಿಸಿ ಕೇಳಿದೆ.

"ನನಗೇನ ಗೊತ್ರಿ? ನಮಗ ಸಾಲ್ಯಾಗ ಹಿಂದಿನ ಮಾತು ಹೇಳೂದಿಲ್ಲ. ಆಯಿ ಹೇಳಿದ್ದಷ್ಟಾ ಗೊತ್ತು. ಆಕಿ ಸಣ್ಣಾಕಿದ್ದಾಗ ಒಲಿ ಮ್ಯಾಲಿನ ಎಸರು ಬಿದ್ದು ಎಡಗಾಲು ಸುಟ್ಟಿತ್ತಂತ. ಮನಿ ಮುಂದ ಹುಣಸಿ ಗಿಡ ಇತ್ತಂತ. ಇಂಥಾವ."

ಟಾಂಗಾದಲ್ಲಿ ಮನೆಗೆ ಬರುವಾಗ ಅಬ್ಬಾ ಕೇಳಿದರು. ಎಲ್ಲ ಹೇಳಿದೆ. ಅವರು ಲಗಾಮು ಎಳೆದು ಟಾಂಗಾವನ್ನು ನಮ್ಮ ಓಣಿಗೆ ಹೊರಳಿಸಿದರು. ಆಮೇಲೆ, "ಹಸಿವಿ ಆಗ್ತೈತೇನು ಆಕಿಗೆ?" ಎಂದಷ್ಟೇ ಕೇಳಿದರು.

ಮತ್ತೆ ಹೋದಾಗ ಇನ್ನಿಬ್ಬರನ್ನೂ ಕಂಡೆ. ಸಲೀಮ ಎಂಬ ಹುಡುಗ, ಮತ್ತು ಹೆಸರು ಹೇಳದ ಒಬ್ಬ ಮುದುಕ. ಮುದುಕ ಜೈಲಿನ ಬಾವಿಯ ಕಟ್ಟೆಯನ್ನು ಬಿಟ್ಟು ಕದಲುತ್ತಿರಲಿಲ್ಲ. ಬೊಗಸೆ ನೀರು ಬಾಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ನುಂಗದೆ ಕೂಡುತ್ತಿದ್ದ. ನಾನು ತಿಕೋಟಾದ ಕಡೆಯವಳೆಂದು ತಿಳಿದಾಗ ಮಾತ್ರ, "ದ್ರಾಕ್ಷಿ ಊರಾಕಿ," ಎಂದು ತಲೆದೂಗಿದ. ನನಗೆ ನಗು ಬಂತು. ಆಗ ನಮ್ಮಲ್ಲಿ ಕಣ್ಣು ಹಾಯುವತನಕ ಜೋಳ, ಕಡಲೆ. ದ್ರಾಕ್ಷಿಯ ಬಳ್ಳಿ ಎಲ್ಲೋ ಬಾವಿ ಇದ್ದವರ ಹೊಲದಲ್ಲಿ ಒಂದೊಂದು. ಆ ಒಂದೊಂದನ್ನೇ ನೋಡಿ ಹೇಳಿದನೋ ಏನೋ, ಈಗ ಹೇಗೆ ಹೇಳಲಿ?

ಸಲೀಮ ಮಾತುಗಾರ. ಮೊದಲ ಸಲ ನನ್ನನ್ನು ಕಂಡಾಗ ಅವನು ಕೇಳಿದ್ದು, "ಅಕ್ಕಾ, ಮುಂಬೈ ಇನ್ನಾ ಐತೆಲ್ಲ?" ಇದೆ ಎಂದೆ. ಅವನು ಸಣ್ಣ ಹುಡುಗನಂತೆ ಖುಷಿಪಟ್ಟ. ತನ್ನ ಕಾಲದಲ್ಲಿ ಅಲ್ಲಿ ಸಮುದ್ರ ಬಂದು ಕೂತಿದೆ ಎಂದ. ಮುಂದಿನ ಸಲ ಹೋದರೆ ಎಲ್ಲ ಉಲ್ಟಾ. "ಅದೆಲ್ಲಾ ಸುಳ್ಳ ಅಕ್ಕಾ. ನಾ ಸೊಲ್ಲಾಪುರದ ಮಿಲ್ಲಿನ್ಯಾಂವ. ಮಿಲ್ಲು ಬಂದ್ ಮಾಡಿದ ಸಂಪಿನ್ಯಾಗ ಹೆಸರು ಬಂತು, ಓಡಿ ಬಂದೀನಿ. ಆ ಹೆಣಮಗಳು ಹಾದ್ಯಾಗ ಸಿಕ್ಕಾಕಿ. ಆಕಿ ಕಥಿ ಚಲೋ ಅನಸ್ತು, ನಾನೂ ಹಂಗಾ ಹೇಳಿದ್ನಿ." ನನಗೆ ಒಳಗೊಳಗೇ ಸಮಾಧಾನವಾಯಿತು. ಮೂರನೆಯ ಸಲ ಅವನು ನನ್ನ ಹತ್ತಿರ ಬಂದು ಪಿಸುಗುಟ್ಟಿದ. "ಹ್ವಾದ ಸಲ ವಾರ್ಡರ ಕೇಳಾಕತ್ತಿದ್ದ, ಅದಕ್ಕ ಸೊಲ್ಲಾಪುರ ಅಂದ್ನಿ. ನೀವು ನಂಬಿದ್ರೇನು?"

ನಂಬಿದ್ದೆ. ಅದಕ್ಕೂ ಮೊದಲು ಹೇಳಿದ್ದನ್ನೂ ಅಷ್ಟಿಷ್ಟು ನಂಬಿದ್ದೆ. ಬರೆಯಲು ಕೂತರೆ ಮೊದಲ ಸಾಲು ಮೂಡುತ್ತಿರಲಿಲ್ಲ. ಮಾಸ್ತರ ದಿನಕ್ಕೊಮ್ಮೆ ಕೇಳುತ್ತಿದ್ದರು, "ಹುಚ್ಚರೋ, ಕಳ್ಳರೋ, ರಾಜಕೀಯದ ಮಂದಿಯೋ? ಒಂದರ ಹೇಳ್ರಿ." ನನಗೆ ಮೂರೂ ಅನ್ನಿಸುತ್ತಿತ್ತು. ಮನೆಗೆ ಬಂದರೆ ಅಮ್ಮಾ ಕರೆದದ್ದೂ ಕೇಳಿಸುತ್ತಿರಲಿಲ್ಲ. ಗಾಂಧಿ ಚೌಕದ ಗದ್ದಲದಲ್ಲಿ ನಿಂತು, ಈ ಅಂಗಡಿಗಳಿಗೆ, ಈ ಕೂಗಿಗೆ ಒಂದು ದಿನ ನಂಬರು ಬೀಳುತ್ತದೆಯೇ ಎಂದು ನೋಡುತ್ತಿದ್ದೆ.

ದಸರೆ ಕಳೆದು ಹಿಂಗಾರಿ ಜೋಳ ಮೊಳಕಾಲುದ್ದ ಬೆಳೆದ ಹೊತ್ತಿಗೆ ಜೇಲರ ಸಾಹೇಬರು ಹೇಳಿ ಕಳಿಸಿದರು. ಮೇಲಿನಿಂದ ಒಬ್ಬ ಅಧಿಕಾರಿ ಬರುವವರಿದ್ದರು.

"ನೋಡ್ರಿ ಬಾಯಿ," ಎಂದರು ಸಾಹೇಬರು. "ಆಕಿಗೆ ಬುದ್ಧಿ ಸರಿ ಐತಿ ಅಂದ್ರ ರಾಜಕೀಯದವ್ರ ಕೂಡ ಸೇರಿಸಿ ದೂರದ ಜೇಲಿಗೆ ಒಯ್ತಾರ. ಯಾವಾಗ ಬಿಡ್ತಾರ ಯಾರೂ ಹೇಳಾಕಾಗೂದಿಲ್ಲ. ಬುದ್ಧಿ ಇಲ್ಲ ಅಂದ್ರ ಹುಚ್ಚಾಸ್ಪತ್ರಿಗೆ. ಅಲ್ಲಿಂದ ಹೊರಗ ಬಂದಾರನ್ನ ನಾ ನೋಡಿಲ್ಲ. ಆಕಿ ಮಾತಾಡಿದ್ದು ನಿಮ್ಮ ಕೂಡ ಒಬ್ಬರ ಕೂಡ. ಏನಂತ ಹೇಳ್ಲಿ ನಾ?"

"ಮೂರನೇದು ಏನೂ ಇಲ್ಲೇನ್ರಿ?"

"ಯಾರರ ಬಂದು ಇಕಿ ನಮ್ಮಾಕಿ ಅಂದ್ರ ಕಳಿಸಬಹುದು. ಆಕಿ ಮ್ಯಾಲ ಕೇಸೇನೂ ಇಲ್ಲ. ಆದ್ರ ಯಾರ ಬರ್ತಾರ?"

ಅದನ್ನು ನೀಲವ್ವನಿಗೆ ಹೇಳಿದೆ. ಅವಳಿಗೆ ಭಯವಾದಂತೆ ಕಾಣಲಿಲ್ಲ. ಎಲ್ಲಿಗೆ ಒಯ್ದರೂ ಒಯ್ಯಲಿ, ಅದಕ್ಕೂ ಮೊದಲು ಒಮ್ಮೆ ಆಯಿಯನ್ನು ನೋಡಬೇಕು ಎಂದಳು. ಈಗ ಆಯಿ ಸಣ್ಣ ಕೂಸಾಗಿರಬೇಕು. ಬಬಲೇಶ್ವರದಲ್ಲಿ, ಹೊಂಡದ ಹತ್ತಿರ, ಮುಂದೆ ಹುಣಸೆ ಗಿಡ ಇರುವ ಮನೆ. ಹೆಸರು ಕಸ್ತೂರಿ. "ದೂರದಿಂದ ನೋಡಿದ್ರೂ ಆದೀತು," ಎಂದಳು. ಅಷ್ಟು ದಿನದಲ್ಲಿ ಅವಳ ಕಣ್ಣಲ್ಲಿ ನೀರು ಕಂಡದ್ದು ಆವತ್ತೇ.

ಮಾರನೆಯ ದಿನ ಬಬಲೇಶ್ವರದ ಬಸ್ಸು ಹತ್ತಿದೆ. ಮನೆ ಸಿಗಲಾರದು, ಅಲ್ಲಿಗೆ ನನ್ನ ಗೊಂದಲ ಮುಗಿಯುತ್ತದೆ ಎಂದುಕೊಂಡೇ ಹೋದೆ. ಹೊಂಡದ ಓಣಿಯಲ್ಲಿ ಹುಣಸೆ ಗಿಡದ ಮನೆ ಯಾವುದೆಂದು ಕೇಳಿದರೆ, ಗುರಬಾಯಿ ಮನೆ ಎಂದು ಕೈ ಮಾಡಿ ತೋರಿಸಿದರು. ಕಟ್ಟೆಯ ಮೇಲೆ ಒಬ್ಬ ಮುದುಕಿ ಅವರೆಕಾಳು ಸುಲಿಯುತ್ತಿದ್ದಳು. ಗಿಡದ ಕೆಳಗೆ ಒಂದು ಹುಡುಗಿ ಆಡುತ್ತಿತ್ತು. ಲಂಗದ ಕೆಳಗೆ ಎಡಗಾಲಿನ ಮೇಲೆ ಸುಟ್ಟ ಕಲೆ ಹೊಳೆಯುತ್ತಿತ್ತು.

ಹೋಗಿ ಕಟ್ಟೆಯ ಮೇಲೆ ಕೂತೆ. ಗುರಬಾಯಿ ನೀರು ತಂದುಕೊಟ್ಟಳು. ನಾನು ಯಾರು, ಯಾಕೆ ಬಂದೆ ಎಂದು ಕೇಳುವ ಮೊದಲೇ, ಕೂಸಿನ ಕಾಲನ್ನು ನಾನು ನೋಡುತ್ತಿದ್ದುದನ್ನು ಕಂಡು ತಾನೇ ಹೇಳತೊಡಗಿದಳು.

"ಹ್ವಾದ ವರ್ಷ ಎಸರು ಬಿತ್ತು ಬೇ. ನನ್ನ ಮಗ ಎಲ್ಲಾ ತಪ್ಪು ಆಕೀದ ಅಂತ ಹೆಂಡ್ತಿನ್ನ ಹೊಡದ. ಹೊಡದು ಹೊರಗ ಹಾಕಿದ. ಶಾಂತವ್ವ ಅಂತ, ನನ್ನ ಸೊಸಿ. ಬಾಗಲಾ ತಗಿ ಅತ್ತಿ ಅಂತ ಅಳಾಕತ್ತಿದ್ಲು. ನಾ ಎದ್ದು ತಗೀಲಿಲ್ಲ. ಬೆಳಗಾದ್ಮ್ಯಾಲ ನೋಡಿದ್ರ ಇಲ್ಲ. ಬಾವಿ, ಕೆರಿ ಎಲ್ಲಾ ನೋಡಿದ್ವಿ. ಈಗ ಮಗ ಮತ್ತೊಬ್ಬಾಕಿನ್ನ ಮಾಡಕೊಂಡು ಹೊನವಾಡದಾಗ ಇರ್ತಾನ. ಕೂಸು, ಈ ಕಸ್ತೂರಿ, ನನಗ ಉಳೀತು."

ನನ್ನೊಳಗೆ ಒಂದು ಕದ ತೆರೆದಂತಾಯಿತು. ಎಲ್ಲವೂ ಎಷ್ಟು ಸರಳ. ನೀಲವ್ವನೇ ಶಾಂತವ್ವ. ಮನೆಯಿಂದ ಹೊರಬಿದ್ದು ತಲೆ ಕೆಟ್ಟಿದೆ, ಮಗಳನ್ನು ಆಯಿ ಎನ್ನುತ್ತಿದ್ದಾಳೆ. ಆ ಖುಷಿಯಲ್ಲಿ ನಾನು ಗುರಬಾಯಿಯ ಕೈ ಹಿಡಿದುಕೊಂಡು, ನಿಮ್ಮ ಸೊಸೆ ಬಿಜಾಪುರದ ಜೈಲಿನಲ್ಲಿದ್ದಾಳೆ ಎಂದುಬಿಟ್ಟೆ. ಅವಳು ಅವರೆಕಾಳಿನ ಬುಟ್ಟಿ ಅಲ್ಲಿಯೇ ಬಿಟ್ಟು, ಸೆರಗು ಹೊದ್ದು, ಕೂಸನ್ನು ಸೊಂಟಕ್ಕೆ ಎತ್ತಿಕೊಂಡು ನಿಂತಳು. ಮನೆಗೆ ಕೀಲಿ ಹಾಕುವುದನ್ನೂ ಪಕ್ಕದವರಿಗೆ ಹೇಳಿ ಬಂದಳು.

ಅಬ್ಬಾ ಬಸ್ ಸ್ಟ್ಯಾಂಡಿನ ಹೊರಗೆ ಟಾಂಗಾ ನಿಲ್ಲಿಸಿದ್ದರು. ಜೈಲಿನ ಅಂಗಳದಲ್ಲಿ ಸಂಜೆಯ ಬಿಸಿಲಿತ್ತು, ಕಂಬಳಿಗಳಿಗೆ ಹೊಗೆ ಹಾಕಿದ್ದರು. ನೀಲವ್ವನನ್ನು ಕರೆತಂದರು. ಗುರಬಾಯಿ ಕಣ್ಣು ಕಿರಿದು ಮಾಡಿ ನೋಡಿದಳು, ಹತ್ತಿರ ಹೋಗಿ ನೋಡಿದಳು. ತಿರುಗಿ ನನ್ನ ಕಿವಿಯಲ್ಲಿ ಹೇಳಿದಳು.

"ಈಕಿ ನಮ್ಮ ಶಾಂತಿ ಅಲ್ಲ ಬೇ. ಶಾಂತಿ ಹಣೀಗೆ ಹಚ್ಚಿ ಹೊಯ್ಸಿದ್ವಿ, ಹಸರಂದು. ಈಕಿ ಹಣಿ ಬರೀ ಐತಿ. ಎತ್ತರಾನೂ ಹೆಚ್ಚ."

ಆಗ ನೀಲವ್ವ ನಮ್ಮಿಬ್ಬರನ್ನೂ ನೋಡುತ್ತಿರಲಿಲ್ಲ. ಅವಳು ಕೂಸಿನ ಮುಂದೆ ಮೊಳಕಾಲೂರಿ ಕೂತಿದ್ದಳು. ಎರಡೂ ಕೈಯಿಂದ ಆ ಸಣ್ಣ ಪಾದಗಳನ್ನು ಹಿಡಿದು, ಹಣೆ ಹಚ್ಚಿದಳು. ಒಬ್ಬ ದೊಡ್ಡ ಹೆಂಗಸು ನಾಲ್ಕು ವರ್ಷದ ಮಗುವಿನ ಕಾಲಿಗೆ ಬೀಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಆಯಿ," ಎಂದಳು.

ಕಸ್ತೂರಿ ಹೆದರಲಿಲ್ಲ. ಆ ಮೋಟುಗೂದಲ ತಲೆಯ ಮೇಲೆ ಕೈಯಾಡಿಸಿ, "ನಿನ್ನ ಜಡಿ ಎಲ್ಲಿ?" ಎಂದು ಕೇಳಿತು.

"ಅಲ್ಲೇ ಬಿಟ್ಟು ಬಂದೀನಿ."

"ಮತ್ತ ತರಬೇಕಿಲ್ಲೇನು," ಎಂದು ಕೂಸು ಗದರಿಸಿತು. ನೀಲವ್ವ ಅಳುತ್ತ ನಕ್ಕಳು. ಕೂಸು ಅವಳ ಕೊರಳಿಗೆ ಜೋತುಬಿತ್ತು.

ಜೇಲರ ಸಾಹೇಬರು ಬಿಡುಗಡೆಯ ಕಾಗದ ಮುಂದಿಟ್ಟುಕೊಂಡು, "ಏನಮ್ಮಾ, ಇಕಿ ನಿಮ್ಮ ಸೊಸಿ ಹೌದೋ ಅಲ್ಲೋ?" ಎಂದು ಕೇಳಿದರು.

ಗುರಬಾಯಿ ಕೂಸಿನ ಕಡೆ ನೋಡಿದಳು. ಆಮೇಲೆ ಗಟ್ಟಿ ದನಿಯಲ್ಲಿ, "ಹೌದ್ರಿ ಸಾಹೇಬ್ರ. ಶಾಂತವ್ವ ಅಂತ. ಮನಿಗೆ ಕಳಸ್ರಿ," ಎಂದಳು.

ಸಾಹೇಬರು ನನ್ನ ಕಡೆ ತಿರುಗಿದರು. ಸಾಕ್ಷಿಯ ರುಜು ನಾನು ಹಾಕಬೇಕು. ಈ ಹೆಂಗಸು ತನ್ನ ಹೆಸರು ಶಾಂತವ್ವ ಎಂದು ನನ್ನ ಮುಂದೆ ಒಪ್ಪಿಕೊಂಡಿದ್ದಾಳೆ ಎಂದು ಬರೆದಿತ್ತು. ಒಂದು ಕೊಂಬು ತಪ್ಪಿದರೂ ಕಣ್ಣಿಗೆ ಚುಚ್ಚುವ ಕೆಲಸ ನನ್ನದು. ಇಲ್ಲಿ ಇಡೀ ಸಾಲೇ ತಪ್ಪು. ಸರಿ ಯಾವುದು ಎಂದು ಕೇಳಿದರೆ ಅದೂ ನನಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಕೂಸು ಅವಳ ಕಿವಿ ಹಿಡಿದು ಏನೋ ಹೇಳುತ್ತಿತ್ತು. ಸಲೀಮ ಬಾವಿಯ ಹತ್ತಿರ ಕೊಡ ಹಿಡಿದು ನಿಂತು ನೋಡುತ್ತಿದ್ದ. ರುಜು ಹಾಕಿದೆ.

ಟಾಂಗಾದಲ್ಲಿ ಗುರಬಾಯಿ ನನ್ನ ಪಕ್ಕ ಕೂತಿದ್ದಳು. ನೀಲವ್ವ ಕೂಸನ್ನು ಎತ್ತಿಕೊಂಡು ಮುಂದೆ ಅಬ್ಬಾನ ಹಿಂದೆ ಕೂತಿದ್ದಳು. ಯಾಕೆ ಹಾಗೆ ಹೇಳಿದಿರಿ ಎಂದು ಮೆಲ್ಲಗೆ ಕೇಳಿದೆ.

"ನನ್ನ ಸೊಸಿನೂ ಎಲ್ಲೆರ ಹಿಂಗಾ ಯಾವುದರ ಅಂಗಳದಾಗ ಕುಂತಿರಬೇಕಲ್ಲ," ಎಂದಳು ಗುರಬಾಯಿ. "ಅಲ್ಲಿ ಯಾರರ ಹೋಗಿ, ಇಕಿ ನಮ್ಮಾಕಿ ಅಂದ್ರ ಸಾಕು."

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೂ ನನ್ನ ಮನಸ್ಸು ತಿಳಿಯಾಗಲಿಲ್ಲ. ಶಾಂತವ್ವ ಅಲ್ಲದಿದ್ದರೆ ಆ ಸುಟ್ಟ ಕಾಲು ಇವಳಿಗೆ ಹೇಗೆ ಗೊತ್ತು? ಅಬ್ಬಾನನ್ನು ಕೇಳಿದೆ. ಅವರು ಕುದುರೆಯ ಬೆನ್ನು ತಟ್ಟುತ್ತ, "ಬೇಟಾ, ಸವಾರಿ ಎಲ್ಲಿಂದ ಬಂತು ಅಂತ ಕೇಳಿದ್ರ ಟಾಂಗಾ ನಡಿಯೂದಿಲ್ಲ. ಎಲ್ಲಿಗೆ ಹೋಗಬೇಕು ಅಂತ ಕೇಳ್ತೀವಿ," ಎಂದರು. ಅವರಿಗೆ ಅದು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ, ಈಗಲೂ ಆಗಿಲ್ಲ.

ಪತ್ರಿಕೆಯಲ್ಲಿ ಏನೂ ಬರಲಿಲ್ಲ. ಮಾಸ್ತರ ನನ್ನ ಮುಖ ನೋಡಿ ಎಮ್ಮೆಯ ಆರೈಕೆಯ ಇನ್ನೊಂದು ಕಂತು ಹಾಕಿದರು. ಚಳಿಗಾಲದಲ್ಲಿ ಆ ಮುದುಕ ಬಾವಿಯ ಕಟ್ಟೆಯ ಮೇಲೆ ಕೂತಲ್ಲಿಯೇ ಹೋದ. ಯಾವ ಜಾತಿಯವನೆಂದು ತಿಳಿಯದೆ ಜೇಲರ ಸಾಹೇಬರು ಒಂದು ದಿನವೆಲ್ಲ ಒದ್ದಾಡಿದರು. ಕೊನೆಗೆ ನೀರಿನ ಹತ್ತಿರ ಇರಲಿ ಎಂದು ಹಳ್ಳದ ದಂಡೆಯಲ್ಲಿ ಹುಗಿಸಿದರು. ಸಲೀಮನನ್ನು ಬೇರೆ ಜೈಲಿಗೆ ಒಯ್ದರು.

ಸಂಕ್ರಾಂತಿಯ ಆಸುಪಾಸಿಗೆ ಗುರಬಾಯಿ ಹೇಳಿಕಳಿಸಿದ್ದಳು, ಸೀತನಿ ತಿನ್ನಲು ಬಾ ಎಂದು. ಹೊಲದಲ್ಲಿ ಕುಳ್ಳಿನ ಕೆಂಡದ ಮೇಲೆ ಹಸಿ ಜೋಳದ ತೆನೆ ಸುಡುತ್ತಿದ್ದವರು ನೀಲವ್ವ ಮತ್ತು ಕಸ್ತೂರಿ. ನೀಲವ್ವನ ಕೂದಲು ಕಿವಿಯವರೆಗೆ ಬಂದಿತ್ತು. ಕೂಸು ಅವಳನ್ನು "ನೀಲಿ" ಎಂದು ಹೆಸರು ಹಿಡಿದು ಕರೆಯುತ್ತಿತ್ತು, ತೆನೆ ಸೀದರೆ ಬೈಯುತ್ತಿತ್ತು. ಅವಳು "ಆತು ಆಯಿ" ಎನ್ನುತ್ತಿದ್ದಳು. ಓಣಿಯವರು 'ಸೊಸೆ ಬಂದಾಳ, ತಲಿ ಸ್ವಲ್ಪ ಹಗರ ಆಗೈತಿ' ಎಂದುಕೊಂಡು ಸುಮ್ಮನಾಗಿದ್ದರು. ಶಾಂತವ್ವನ ಗುರುತು ಇದ್ದವರೂ ಸುಮ್ಮನಿದ್ದರು. ಅದು ಯಾಕೆಂದು ನಾನು ಕೇಳಲಿಲ್ಲ.

ಬೇಸಿಗೆಯ ಮೊದಲಿಗೆ ಚುನಾವಣೆ ಬಂತು. ಸರಕಾರ ಹೋಯಿತು, ಹಿಡಿದವರನ್ನೆಲ್ಲ ಬಿಟ್ಟರು. ಒಂದು ದಿನ ಸಲೀಮ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದ, ಬಹಳ ಇಳಿದುಹೋಗಿದ್ದ. ಚಹಾ ಕುಡಿಸಿದೆ. ನೀಲವ್ವನ ಸುದ್ದಿ ಕೇಳಿ ಕಣ್ಣರಳಿಸಿದ. ನೀನು ಎಲ್ಲಿಯವನು, ಈಗಲಾದರೂ ಹೇಳು ಎಂದೆ. ಅವನು ಬಸಿಯಲ್ಲಿಯ ಚಹಾ ಊದುತ್ತ, "ಮುಂಬೈಕ್ಕ ಹೊಂಟೇನಿ ಅಕ್ಕಾ. ಇರೂತನಕ ನೋಡಿ ಬರ್ತೀನಿ," ಎಂದ. ಹೋದವನು ತಿರುಗಿ ಬರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಬಬಲೇಶ್ವರದಿಂದ ಬಂದವರೊಬ್ಬರು ಪ್ರೆಸ್ಸಿಗೆ ಸುದ್ದಿ ಮುಟ್ಟಿಸಿದರು. ಗುರಬಾಯಿಯ ಮನೆಗೆ ಶಾಂತವ್ವ ಬಂದಿದ್ದಾಳೆ. ಖರೆ ಶಾಂತವ್ವ, ಹಣೆಗೆ ಹಚ್ಚೆ ಇದ್ದವಳು.

ಬಿಸಿಲಲ್ಲಿ ಬಸ್ಸು ಇಳಿದು ಓಡುತ್ತ ಹೋದೆ. ರುಜು ಹಾಕಿದವಳು ನಾನು, ಆ ಮನೆಯಲ್ಲಿ ಏನು ನಡೆದಿದೆಯೋ ಎಂದು ಜೀವ ಕೈಯಲ್ಲಿತ್ತು. ಹುಣಸೆ ಗಿಡದ ಕೆಳಗೆ ಒಬ್ಬ ತೆಳ್ಳನೆಯ ಹೆಂಗಸು ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಬಂದು ಎರಡು ದಿನವಾಗಿದ್ದರೂ ಗಂಟು ಬಿಚ್ಚಿರಲಿಲ್ಲ. ಸೊಲ್ಲಾಪುರದಲ್ಲಿ ನೂಲಿನ ಕೆಲಸಕ್ಕೆ ಹೋಗುತ್ತಿದ್ದಳಂತೆ, ಯಾರೋ ಒಬ್ಬ ಮುದುಕಿ ಮನೆಯಲ್ಲಿ ಇಟ್ಟುಕೊಂಡಿದ್ದಳಂತೆ. ಮಗಳು ತನ್ನನ್ನು ಮರೆತಿದ್ದಾಳೆ, ತನ್ನ ಜಾಗದಲ್ಲಿ ಬೇರೊಬ್ಬಳು ರೊಟ್ಟಿ ಬಡಿಯುತ್ತಿದ್ದಾಳೆ ಎಂಬ ಸಿಟ್ಟು, ದುಃಖ ಎರಡೂ ಅವಳ ಮುಖದಲ್ಲಿದ್ದವು.

"ಈಕೀನ ಮೊದಲ ಎಲ್ಲೆರ ನೋಡಿರೇನ್ರಿ?" ಎಂದು ಕೇಳಿದೆ. ಅದೊಂದೇ ನನಗೆ ಬೇಕಾಗಿತ್ತು.

"ಇಲ್ರಿ. ನೋಡೇ ಇಲ್ಲ," ಎಂದಳು ಶಾಂತವ್ವ. ಸ್ವಲ್ಪ ತಡೆದು, "ಆದ್ರ ಸೊಲ್ಲಾಪುರದಾಗ ಕಂಡಕಂಡವ್ರ ಮುಂದ ನನ್ನ ಕೂಸಿನ ಕಾಲಿನ ಮಾತು ಹೇಳೀನ್ರಿ. ಎಷ್ಟ ಮಂದಿ ಕೇಳ್ಯಾರೋ ಏನೋ," ಎಂದಳು.

ಮತ್ತೆ ಎಲ್ಲ ಕಲಸಿಹೋಯಿತು. ನೀಲವ್ವ ಎಲ್ಲೋ ಇವಳ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿರಬಹುದು. ಆ ಮಾತನ್ನೇ ಹಿಡಿದುಕೊಂಡು ಬಂದಿರಬಹುದು. ಅಥವಾ.

ಆಗ ನೀಲವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು. ಕಸ್ತೂರಿ ಅವಳ ಸೀರೆ ಹಿಡಿದುಕೊಂಡು, ಶಾಂತವ್ವನನ್ನು ಓರೆಗಣ್ಣಿನಿಂದ ನೋಡುತ್ತಿತ್ತು. ನೀಲವ್ವ ಕೂಸಿನ ಮುಂದೆ ಕೂತಳು.

"ಆಯಿ, ನಾ ನಿಮ್ಮವ್ವ ಅಲ್ಲ. ನಿಮ್ಮವ್ವ ಅಲ್ಲಿ ಕುಂತಾಳ. ನಿನ್ನ ಕಾಲು ಸುಟ್ಟಾಗ ಭಾಳ ಅತ್ತಾಕಿ ಆಕಿ. ನೀನಾ ನನಗ ಹೇಳಿದ್ದಿ, ನಮ್ಮವ್ವ ಹೋಗಿ ತಿರಗಿ ಬಂದ್ಲು ಅಂತ. ಹೋಗು."

ಕೂಸಿಗೆ ಏನು ತಿಳಿಯಿತೋ. ಒಂದೊಂದೇ ಹೆಜ್ಜೆ ಇಟ್ಟು ಹೋಗಿ ಶಾಂತವ್ವನ ಎದುರಿಗೆ ನಿಂತಿತು. ಎಡಗಾಲನ್ನು ಮುಂದೆ ಮಾಡಿ ತೋರಿಸಿ, "ಈಗ ನೋಯೂದಿಲ್ಲ," ಎಂದಿತು. ಶಾಂತವ್ವ ಕೂಸನ್ನು ಎದೆಗೆ ಒತ್ತಿಕೊಂಡು ಬಿಕ್ಕಿದಳು. ಗುರಬಾಯಿ ಕಟ್ಟೆಯಿಂದಿಳಿದು ಬಂದು, ಸೊಸೆಯ ಗಂಟನ್ನು ಎತ್ತಿಕೊಂಡು ಒಳಗಿಟ್ಟು ಬಂದಳು. ಬಾಗಿಲನ್ನು ಪೂರಾ ತೆರೆದಿಟ್ಟಳು.

ಬಹಳ ಹೊತ್ತಿನ ಮೇಲೆ ಶಾಂತವ್ವ ಮೂಗು ಒರೆಸಿಕೊಂಡು ನೀಲವ್ವನನ್ನು ದಿಟ್ಟಿಸಿ ನೋಡಿದಳು. "ರೊಟ್ಟಿ ಸೀಯಾಕತ್ತಾವು, ನೋಡ ಹೋಗು," ಎಂದಳು. ನೀಲವ್ವ ಒಳಗೆ ಓಡಿದಳು. ಅವಳು ಇರಬೇಕೋ ಹೋಗಬೇಕೋ ಎಂಬ ಮಾತು ಅಲ್ಲಿಗೆ ಮುಗಿಯಿತು. ಆ ಮನೆಯಲ್ಲಿಯೇ ಅವಳು ಮುದುಕಿಯಾದಳು.

ಆವತ್ತು ಸಂಜೆ ನನ್ನನ್ನು ಬಸ್ಸಿಗೆ ಬಿಡಲು ನೀಲವ್ವ ಒಬ್ಬಳೇ ಬಂದಳು. ಕೊಯ್ಲು ಮುಗಿದ ಹೊಲಗಳಲ್ಲಿ ಜೋಳದ ಕೂಳೆ ಬಿಸಿಲಿಗೆ ಬೆಳ್ಳಗಾಗಿತ್ತು. ಕೊನೆಯ ಸಲವೆಂದು ಕೇಳಿದೆ. "ಖರೆ ಹೇಳು ನೀಲವ್ವ, ಯಾರು ನೀ?"

"ಆವತ್ತ ಹೇಳೀನಲ್ರಿ," ಎಂದಳು, ಬೇಜಾರಿಲ್ಲದೆ. "ಮತ್ತ ಕೇಳಿದ್ರ ಬ್ಯಾರೇದು ಎಲ್ಲಿಂದ ತರ್ಲಿ?"

ಬಸ್ಸು ಬಂತು. ಕಿಟಕಿಯ ಹತ್ತಿರ ಕೂತೆ. ಅವಳು ಬಿಸಿಲಿಗೆ ಕೈ ಅಡ್ಡ ಹಿಡಿದು, ಬಸ್ಸು ತಿರುವು ದಾಟುವವರೆಗೆ ನಿಂತಿದ್ದಳು. ನನ್ನ ಪಕ್ಕದಲ್ಲಿ ಕೂತ ಹೆಂಗಸು ಮಡಿಲಿನ ಶೇಂಗಾ ಬಿಡಿಸುತ್ತ ಅವಳನ್ನು ಹೊರಳಿ ನೋಡಿದಳು.

"ಯಾರ್ರಿ ಆಕಿ?"

ಒಂದು ಹೆಸರಿಗೆ ರುಜು ಹಾಕಿದ್ದೆ, ಇನ್ನೊಂದು ಹೆಸರು ಹಿಡಿದು ಕರೆಯುತ್ತಿದ್ದೆ. ಅವಳು ಹೇಳಿದ್ದನ್ನು ನಂಬಿದ್ದೆನೋ ಇಲ್ಲವೋ, ಅದೂ ಗೊತ್ತಿರಲಿಲ್ಲ.

"ಗುರಬಾಯಿ ಮನಿಯಾಕಿ," ಎಂದೆ.

"ಹಂಗಾ? ಹಂಗಾರ ನಮ್ಮೂರಾಕೀನ," ಎಂದು ಆ ಹೆಂಗಸು ಒಂದು ಹಿಡಿ ಶೇಂಗಾ ನನ್ನ ಕೈಗೆ ಹಾಕಿದಳು.